ಮಿರ್ಗಿ, ಸಬ್ರ್ ಮತ್ತು ಐದನೆಯ ಹೆಸರು

ಕೋರಮಂಡಲ್‌ನ ಗಣಿ ಲೈನ್‌ಗಳಲ್ಲಿ ಈ ಕಾಯಿಲೆಗೆ ಮನೆಗೊಂದು ಹೆಸರು. ನಮ್ಮ ಉರ್ದು ಮನೆಗಳಲ್ಲಿ ಮಿರ್ಗಿ, ಪಕ್ಕದ ತಮಿಳರಿಗೆ ಕಾಕ್ಕಾವಲಿಪ್ಪು, ಕನ್ನಡದವರಿಗೆ ಮೂರ್ಛೆ ರೋಗ, ಆಸ್ಪತ್ರೆಗೆ ಹೋದರೆ ಎಲ್ಲರಿಗೂ ಫಿಟ್ಸ್. ಹೆಣ್ಣು ನೋಡಲು ಬಂದವರ ಮುಂದೆ ಮಾತ್ರ ಅದಕ್ಕೆ ಐದನೆಯ ಹೆಸರು: 'ಸ್ವಲ್ಪ ಚಕ್ಕರ್ ಬರುತ್ತೆ, ಅಷ್ಟೆ.' ಇದು ಸುಳ್ಳೇ? ಸುಳ್ಳಾದರೆ ಅದರ ಪಾಪ ಯಾರ ತಲೆಗೆ?

ಇದು ಎಲ್ಲೋ ಒಬ್ಬರ ಮನೆಯ ಕಥೆಯಲ್ಲ. ನಿಮ್ಹಾನ್ಸ್‌ನ ವೈದ್ಯರು 1993ರಿಂದ 1995ರವರೆಗೆ ಬೆಂಗಳೂರು ಮತ್ತು ಸುತ್ತಲಿನ ಹಳ್ಳಿಗಳಲ್ಲಿ 1,02,557 ಜನರ ಸಮೀಕ್ಷೆ ನಡೆಸಿದರು. ಸಾವಿರಕ್ಕೆ 8.8 ಮಂದಿಗೆ ಮೂರ್ಛೆ ರೋಗವಿತ್ತು. ನಗರದಲ್ಲಿ 5.7, ಹಳ್ಳಿಗಳಲ್ಲಿ ಅದರ ಎರಡು ಪಟ್ಟು, 11.9. ಕೆಜಿಎಫ್‌ನಲ್ಲಿ 2011ರ ಜನಗಣತಿಯಂತೆ ಸುಮಾರು 1.6 ಲಕ್ಷ ಜನ. ಕಡಿಮೆ ಲೆಕ್ಕವನ್ನೇ ಹಿಡಿದರೂ 900ಕ್ಕೂ ಹೆಚ್ಚು ಮಂದಿಗೆ ಇದು ಇರಬೇಕು. ಬಂಗಾರಪೇಟೆ ಮತ್ತು ಹಳ್ಳಿಗಳ ಲೆಕ್ಕ ಬೇರೆ.

ಹೆರಿಗೆಯ ಹೊತ್ತಿಗೆ ಮಗುವಿಗೆ ಉಸಿರುಗಟ್ಟಿದ್ದು, ತಲೆಗೆ ಬಿದ್ದ ಪೆಟ್ಟು, ಮೆದುಳಿನ ಸೋಂಕು, ಹೀಗೆ ಕಾರಣಗಳು ಹಲವು. ಎಷ್ಟೋ ಸಲ ಕಾರಣ ಸಿಗುವುದೇ ಇಲ್ಲ. ಲಾಡಿಹುಳುವಿನ ಮಾತು ಬಂದರೆ, ಹಂದಿಮಾಂಸ ಮುಟ್ಟದ ನಮಗೆ ಅದೆಲ್ಲಿಂದ ಎಂದು ಕೇಳುವವರಿದ್ದಾರೆ. ಮೆದುಳಿಗೆ ತೊಂದರೆ ಕೊಡುವುದು ಆ ಹುಳುವಿನ ಮೊಟ್ಟೆ. ಹುಳುವಿರುವ ಮನುಷ್ಯನ ಮಲದಿಂದ ಅದು ನೀರಿಗೆ, ಸೊಪ್ಪಿಗೆ ಸೇರಿ ಯಾರ ತಟ್ಟೆಗಾದರೂ ಬರುತ್ತದೆ. ಕರ್ನಾಟಕದಲ್ಲಿ ಹೆಚ್ಚಾಗಿ ಕಾಣುವ ಇನ್ನೊಂದು ಬಗೆಯಿದೆ. ತಲೆಗೆ ಬಿಸಿನೀರು ಹುಯ್ದುಕೊಂಡಾಗ ಫಿಟ್ಸ್ ಬರುತ್ತದೆ. ಜುಮಾದ ಸ್ನಾನಕ್ಕೆ ಹೋದ ಹುಡುಗ ಬಚ್ಚಲಲ್ಲಿ ಬಿದ್ದರೆ ಗಾಳಿ ಸೋಕಿದೆಯೆಂದು ತಾಯಿತ ಕಟ್ಟುತ್ತಾರೆ. ಕೆಲವರಿಗೆ ನೀರಿನ ಬಿಸಿ ಇಳಿಸಿದರೇ ಸಾಕಾಗುತ್ತದೆ, ಉಳಿದವರಿಗೆ ಮಾತ್ರೆಯಿದೆ.

ಮಾತ್ರೆ ದುಬಾರಿಯೂ ಅಲ್ಲ. ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು ಚಾಮರಾಜನಗರ ಜಿಲ್ಲೆಯ ಯಳಂದೂರಿನ ಹಳ್ಳಿಗರಿಗೆ ಫಿನೋಬಾರ್ಬಿಟೋನ್, ಫೆನಿಟಾಯಿನ್ ಎಂಬ ಹಳೆಯ, ಅಗ್ಗದ ಮಾತ್ರೆಗಳನ್ನೇ ಕೊಟ್ಟು ವರ್ಷಗಟ್ಟಲೆ ನೋಡಿಕೊಂಡರು. 2001ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂದ ಅವರ ವರದಿಯಂತೆ ಅರ್ಧಕ್ಕೂ ಹೆಚ್ಚು ಮಂದಿಗೆ ಫಿಟ್ಸ್ ನಿಂತಿತ್ತು. ಅದೇ 2001ರ ಫೆಬ್ರವರಿ 28ರಂದು ನಮ್ಮ ಗಣಿ ಮುಚ್ಚಿತು. ಗಣಿ ಆಸ್ಪತ್ರೆಯನ್ನು ನಂಬಿದ್ದವರು ಮಾತ್ರೆಗೂ ಬೆಂಗಳೂರಿನ ರೈಲು ಹತ್ತುವಂತಾಯಿತು. ಒಂದು ದಿನದ ಕೂಲಿ ಹೋಗುತ್ತದೆಂದು ಮಾತ್ರೆಯನ್ನೇ ಬಿಟ್ಟವರಿದ್ದಾರೆ.

ಅಂಥವರಿಗೆ ನಾವು ಸುಲಭವಾಗಿ ಹೇಳುವ ಮಾತು 'ಸಬ್ರ್ ಮಾಡಿ.' ಅದಕ್ಕೊಂದು ಹದೀಸ್‌ನ ಆಧಾರವನ್ನೂ ಕೊಡುತ್ತೇವೆ. ಇಬ್ನು ಅಬ್ಬಾಸ್(ರ) ತಿಳಿಸಿದ ಈ ಘಟನೆ ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ. ಮೂರ್ಛೆ ಬರುತ್ತಿದ್ದ ಕಪ್ಪುವರ್ಣದ ಸ್ತ್ರೀಯೊಬ್ಬಳು ಪ್ರವಾದಿ(ಸ)ಯವರ ಬಳಿ ಬಂದು ಪ್ರಾರ್ಥಿಸಲು ಕೇಳಿಕೊಂಡಳು. ಸಹಿಸಿಕೊಂಡರೆ ಸ್ವರ್ಗವಿದೆ, ಬಯಸಿದರೆ ಗುಣವಾಗಲೆಂದು ಪ್ರಾರ್ಥಿಸುವೆ ಎಂದರು ಪ್ರವಾದಿವರ್ಯರು. ಆಕೆ ಸಹನೆಯನ್ನು ಆರಿಸಿಕೊಂಡಳು. ಆದರೆ ಬಿದ್ದಾಗ ಮೈಮೇಲಿನ ಬಟ್ಟೆ ಸರಿಯದಿರಲಿ ಎಂದು ಪ್ರಾರ್ಥಿಸಿ ಎಂದಳು. ಅವರು ಪ್ರಾರ್ಥಿಸಿದರು.

ನಮ್ಮ ಪ್ರವಚನಗಳಲ್ಲಿ ಈ ಘಟನೆ ಸಹನೆ ಎಂಬಲ್ಲಿಗೇ ನಿಂತುಬಿಡುತ್ತದೆ. ಆಕೆಗೆ ಎರಡು ದಾರಿಗಳನ್ನು ತೋರಿಸಲಾಗಿತ್ತು, ಆರಿಸಿದ್ದು ಆಕೆ. ಹದಿನೈದು ವರ್ಷದ ಹುಡುಗಿಯ ಮಾತ್ರೆ ನಿಲ್ಲಿಸಿ ದರ್ಗಾದಿಂದ ದರ್ಗಾಕ್ಕೆ ಅಲೆಸಿ ಸಬ್ರ್ ಎನ್ನುವ ನಾವು ಆಕೆಯನ್ನು ಏನು ಕೇಳಿದ್ದೇವೆ? ರೋಗಕ್ಕೆ ಚಿಕಿತ್ಸೆ ಮಾಡಿಸಿಕೊಳ್ಳಿ ಎಂದವರೂ ಅದೇ ಪ್ರವಾದಿ(ಸ). ಇನ್ನು ಆಕೆಯ ಬೇಡಿಕೆಯನ್ನು ನೋಡಿ. ಬೀಳುವುದಕ್ಕಿಂತ, ಬಿದ್ದಾಗ ನೋಡುವವರ ಕಣ್ಣು ಆಕೆಗೆ ಹೆಚ್ಚು ಕಷ್ಟವಾಗಿತ್ತು. ಮಾರಿಕುಪ್ಪಂ ರೈಲಿನಲ್ಲಿ ಯಾರಾದರೂ ಬಿದ್ದರೆ ನಾವು ಕೈಗೆ ಬೀಗದ ಕೈ ತುರುಕುತ್ತೇವೆ, ಮೂಗಿಗೆ ಚಪ್ಪಲಿ ಹಿಡಿಯುತ್ತೇವೆ, ಸುತ್ತ ನಿಂತು ನೋಡುತ್ತೇವೆ. ಮಾಡಬೇಕಾದದ್ದು ಮಗ್ಗುಲಿಗೆ ತಿರುಗಿಸಿ ಮಲಗಿಸುವುದು, ಬಾಯಿಗೆ ಏನನ್ನೂ ಹಾಕದಿರುವುದು, ದುಪಟ್ಟಾ ಹೊದಿಸಿ ಜನರನ್ನು ಆಚೆ ಕಳಿಸುವುದು. ಐದು ನಿಮಿಷವಾದರೂ ನಿಲ್ಲದಿದ್ದರೆ ಆಸ್ಪತ್ರೆ.

ಈ ಕಣ್ಣುಗಳಿಗೆ ಹೆದರಿಯೇ ಐದನೆಯ ಹೆಸರು ಹುಟ್ಟಿದ್ದು. ನಿಕಾಹ್ ಒಂದು ಕರಾರು, ಕರಾರಿನಲ್ಲಿ ಮುಚ್ಚಿಡುವುದು ಮೋಸ; ದಿನ ಗೊತ್ತುಮಾಡುವ ಮೊದಲೇ ಹೇಳಬೇಕು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಹೇಳದಿದ್ದರೆ ಮೊದಲು ಕಷ್ಟಪಡುವವಳೂ ಹುಡುಗಿಯೇ. ಗಂಡನ ಮನೆಯಲ್ಲಿ ಮಾತ್ರೆ ಪೆಟ್ಟಿಗೆಯ ತಳ ಸೇರುತ್ತದೆ, ಆಮೇಲೆ ನಿಂತೇ ಹೋಗುತ್ತದೆ. ಥಟ್ಟನೆ ನಿಲ್ಲಿಸಿದರೆ ಬಿಡದೆ ಫಿಟ್ಸ್ ಬಂದು ಜೀವಕ್ಕೇ ಅಪಾಯವಾಗಬಹುದು. ವಾಲ್ಪ್ರೊಯೇಟ್ ಗರ್ಭದ ಶಿಶುವಿಗೆ ಹಾನಿ ಮಾಡಬಲ್ಲದು, ಮೊದಲೇ ಕೇಳಿದರೆ ವೈದ್ಯರು ಬೇರೆ ಮಾತ್ರೆ ನೋಡುತ್ತಾರೆ. ಕದ್ದು ನುಂಗುವವಳು ಯಾರನ್ನು ಕೇಳಬೇಕು? ರಮಝಾನ್‌ನಲ್ಲಿ ಮಾತ್ರೆಯ ಹೊತ್ತು ತಪ್ಪುತ್ತದೆ, ಸಹರಿಗೆಂದು ನಿದ್ದೆ ಕೆಡುತ್ತದೆ. ರೋಗಿಗೆ ಕುರ್‌ಆನ್ ರಿಯಾಯಿತಿ ಕೊಟ್ಟಿದೆ. ಆದರೆ ಹೊಸ ಸೊಸೆ ರೋಜಾ ಬಿಟ್ಟರೆ ಅತ್ತೆ ಕಾರಣ ಕೇಳುತ್ತಾರಲ್ಲ!

ಹಾಗೆಂದು ಪಾಪವನ್ನೆಲ್ಲ ಹುಡುಗಿಯ ತಂದೆಯ ತಲೆಗೆ ಕಟ್ಟಲು ನನ್ನ ಮನಸ್ಸು ಒಪ್ಪುವುದಿಲ್ಲ. ನಿಜ ಹೇಳಿದ ಮನೆಯ ಚಹಾ ಲೋಟವನ್ನೂ ಮುಟ್ಟದೆ ಎದ್ದು ಹೋಗುವವರು ಆ ಸುಳ್ಳಿನಲ್ಲಿ ಪಾಲುದಾರರು. ಹಿಂದೂ ವಿವಾಹ ಕಾಯ್ದೆ, ವಿಶೇಷ ವಿವಾಹ ಕಾಯ್ದೆಗಳಲ್ಲಿ 1976ರಿಂದ ಮರುಕಳಿಸುವ ಮೂರ್ಛೆ ರೋಗವೂ ಮದುವೆಗೆ ಅಡ್ಡಿಯಾಗಿತ್ತು. 1999ರಲ್ಲಿ ಸಂಸತ್ತು ಆ ಪದವನ್ನು ತೆಗೆದುಹಾಕಿತು. ನಮ್ಮ ಜಗಲಿಗಳಲ್ಲಿ ಇನ್ನೂ ತೆಗೆದಿಲ್ಲ. ನೆರೆಹೊರೆಯವರು ಹೋಗಿ ಹೇಳಿ ಬರುವುದನ್ನೂ ನಾನು ಒಪ್ಪಲಾರೆ. ಫಾತಿಮಾ ಬಿಂತ್ ಖೈಸ್(ರ) ವರರ ಬಗ್ಗೆ ಕೇಳಿದಾಗ ಪ್ರವಾದಿ(ಸ) ಕೊರತೆಗಳನ್ನು ಮುಚ್ಚಿಡದೆ ಹೇಳಿದ್ದು ನಿಜ. ಆದರೆ ಕೇಳಿದವಳಿಗೆ ಹೇಳಿದರು, ಬೀದಿಗಲ್ಲ.

ಇಷ್ಟೆಲ್ಲ ವಿಚಾರಣೆ ಹುಡುಗಿಯರಿಗೆ ಮಾತ್ರ. ಹುಡುಗನಿಗೆ ಫಿಟ್ಸ್ ಇದ್ದರೆ 'ಮದುವೆ ಮಾಡಿ, ಸರಿಹೋಗುತ್ತೆ' ಎನ್ನುತ್ತಾರೆ ಹಿರಿಯರು. ಮದುವೆಯಾಗಿ ಬಂದವಳು ಯಾವುದೋ ರಾತ್ರಿ ಅದನ್ನು ಮೊದಲ ಸಲ ನೋಡುತ್ತಾಳೆ. ಮಗ್ಗುಲಿಗೆ ತಿರುಗಿಸಬೇಕೆಂದೂ ಆಕೆಗೆ ಯಾರೂ ಹೇಳಿಕೊಟ್ಟಿರುವುದಿಲ್ಲ.