ದೆವ್ವದ ಸಿನಿಮಾ ಮುಗಿದ ಮೇಲೆ

ಓದಿ ಧ್ಯಾನಿಸಿ: ಮಾರ್ಕ 5:1–20, ಲೂಕ 13:1–5



ದೆವ್ವದ ಕಥೆ ಕೇಳದೆ ಬೆಳೆದವರು ನಮ್ಮಲ್ಲಿ ವಿರಳ. ಒಂದು ಹುಣಸೆಮರ, ಒಂದು ಹಾಳುಬಾವಿ, ಅಮಾವಾಸ್ಯೆಯ ಕತ್ತಲು ಇಷ್ಟಿದ್ದರೆ ಸಾಕು, ಅಜ್ಜಿಯ ಬಾಯಲ್ಲಿ ಕಥೆ ಸಿದ್ಧವಾಗುತ್ತಿತ್ತು. ಆ ಕಥೆಗಳು ಟಾಕೀಸಿಗೆ ಬಂದವು, ಅಲ್ಲಿಂದ ಟಿ.ವಿ.ಗೆ ಬಂದವು, ಈಗ ಮಕ್ಕಳ ಕೈಯಲ್ಲಿರುವ ಮೊಬೈಲಿಗೂ ಬಂದಿವೆ. 1979ರಲ್ಲಿ ತೆರೆಕಂಡ ‘ನಾ ನಿನ್ನ ಬಿಡಲಾರೆ’ ಚಿತ್ರದಲ್ಲಿ ಅನಂತನಾಗ್ ಮತ್ತು ಲಕ್ಷ್ಮಿಯವರ ಅಭಿನಯ ಕಂಡು ದೀಪ ಆರಿಸಲು ಹೆದರಿದವರು ಇಂದು ಅಜ್ಜ ಅಜ್ಜಿಯರಾಗಿದ್ದಾರೆ. 1985ರಲ್ಲಿ ದೂರದರ್ಶನ ‘ವಿಕ್ರಮ್ ಔರ್ ಬೇತಾಲ್’ ತೋರಿಸಿತು. 1993ರಲ್ಲಿ ‘ಝೀ ಹಾರರ್ ಶೋ’, 1995ರಲ್ಲಿ ‘ಆಹಟ್’ ಶುರುವಾದವು. ಕೇಬಲ್ ಇದ್ದ ಮನೆಯಲ್ಲಿ ಓಣಿಯ ಮಕ್ಕಳೆಲ್ಲ ಕೂತು ನೋಡಿ, ಆಮೇಲೆ ಒಬ್ಬೊಬ್ಬರೇ ಮನೆಗೆ ಹೋಗಲು ಹೆದರಿ, ಕೈ ಕೈ ಹಿಡಿದು ಓಡುತ್ತಿದ್ದ ಕಾಲ ಅದು.

ಈಗ ಆ ಹಳೆಯ ಚಿತ್ರಗಳನ್ನೇ ಮನೆಮಂದಿ ಮತ್ತೆ ನೋಡುತ್ತಿದ್ದಾರೆ. ಹಿರಿಯರು ನೆನಪಿಗಾಗಿ ನೋಡುತ್ತಾರೆ, ಮಕ್ಕಳು ಕುತೂಹಲಕ್ಕೆ ನೋಡುತ್ತಾರೆ. ಅದಾದ ಮೇಲೆ ಗುರುಮನೆಗೆ ಎರಡು ಪ್ರಶ್ನೆಗಳು ಬರುತ್ತವೆ: “ಫಾದರ್, ಇಂಥವನ್ನು ನೋಡಬಹುದೇ? ಇದೆಲ್ಲ ನಿಜವೇ?” ಈ ಎರಡಕ್ಕೂ ಉತ್ತರ ಹೇಳಬೇಕು. ಆದರೆ ಇವೆರಡಕ್ಕಿಂತ ಮುಖ್ಯವಾದ ಮೂರನೆಯ ಪ್ರಶ್ನೆಯೊಂದಿದೆ. ಅದನ್ನು ಯಾರೂ ಕೇಳುವುದಿಲ್ಲ.

ಭಯ ಪಾಪವಲ್ಲ

ಮೊದಲಿಗೆ ಒಂದು ಸಮಾಧಾನದ ಮಾತು. ಹೆದರುವುದು ಪಾಪವಲ್ಲ. ರಾತ್ರಿ ಸರೋವರದ ಮೇಲೆ ನಡೆದು ಬಂದ ಯೇಸುವನ್ನು ಶಿಷ್ಯರು ಭೂತವೆಂದು ತಿಳಿದು ಕೂಗಿಕೊಂಡರು. ಪುನರುತ್ಥಾನದ ದಿನವೂ ಅವರಿಗೆ ಅದೇ ಸಂಶಯ. ಪ್ರಭು ಅವರನ್ನು ಗದರಿಸಿ ಹೊರಗೆ ಕಳಿಸಲಿಲ್ಲ. ತಮ್ಮ ಕೈಕಾಲು ತೋರಿಸಿದರು, ಮುಟ್ಟಿ ನೋಡಲು ಹೇಳಿದರು, ಅವರ ಕಣ್ಣೆದುರೇ ಸುಟ್ಟ ಮೀನು ತಿಂದರು. ಭಯ ಓಡಿಸಲು ಪ್ರಭು ಆರಿಸಿಕೊಂಡದ್ದು ಒಂದು ತುತ್ತು ಊಟ!

1990ರ ದಶಕದಲ್ಲಿ ಕರ್ನಾಟಕದ ಅನೇಕ ಊರುಗಳಲ್ಲಿ ಮನೆ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದದ್ದನ್ನು ನೀವು ನೋಡಿರಬಹುದು. ರಾತ್ರಿ ಹೆಸರು ಹಿಡಿದು ಕೂಗುವ ದೆವ್ವ ಅದನ್ನು ಓದಿ ಹಿಂದಿರುಗುತ್ತದೆ, ಮರುದಿನ ಬಂದರೂ ಅದನ್ನೇ ಓದುತ್ತದೆ ಎಂಬ ನಂಬಿಕೆ. 2018ರ ಹಿಂದಿ ಚಿತ್ರ ‘ಸ್ತ್ರೀ’ ಇದೇ ಎಳೆಯನ್ನು ಬಳಸಿಕೊಂಡಿತು. ಕನ್ನಡ ಓದಬಲ್ಲ, ಹೇಳಿದ ಮಾತು ಕೇಳುವ ದೆವ್ವವೆಂದು ನಾವು ನಗಬಹುದು. ಆದರೆ ಆ ಬರಹದಲ್ಲಿ ಒಂದು ಸತ್ಯವಿದೆ. ಭಯಕ್ಕೆ ‘ನಾಳೆ ಬಾ’ ಎಂದವರ ಮನೆಗೆ ಅದು ದಿನವೂ ಬರುತ್ತದೆ. ಭಯವನ್ನು ಮುಂದೂಡಿದರೆ ಸಾಲದು, ಅದನ್ನು ಬೆಳಕಿಗೆ ತರಬೇಕು.

ಚಿತ್ರಗಳು ಹೇಳುವ ಅರ್ಧ ಸತ್ಯ

ಕೆಡುಕು ಎಂಬುದಿದೆ, ಸೈತಾನನಿದ್ದಾನೆ, ಮನುಷ್ಯನ ಬದುಕು ಸಾವಿನೊಂದಿಗೆ ಮುಗಿಯುವುದಿಲ್ಲ ಎಂದು ನಾವೂ ವಿಶ್ವಾಸಿಸುತ್ತೇವೆ. ಅಷ್ಟರಮಟ್ಟಿಗೆ ಈ ಚಿತ್ರಗಳು ಹೇಳುವುದು ಸರಿ. ತಪ್ಪುವುದು ಎಲ್ಲಿ? ಎರಡು ಸಮಬಲದ ಶಕ್ತಿಗಳು ಕುಸ್ತಿಗೆ ಇಳಿದಿವೆ, ಯಾರು ಗೆಲ್ಲುವರೋ ಗೊತ್ತಿಲ್ಲ ಎಂಬಂತೆ ಅವು ತೋರಿಸುತ್ತವೆ. ಸಂತ ಅಗಸ್ಟೀನರು ಯೌವನದಲ್ಲಿ ಸುಮಾರು ಒಂಬತ್ತು ವರ್ಷ ಇಂಥದೇ ಬೋಧನೆಯ ಮಣಿಕೇಯರ ಜೊತೆಗಿದ್ದರು. ಕೆಡುಕು ದೇವರಿಗೆ ಸಮನಾದ ಇನ್ನೊಂದು ಶಕ್ತಿಯಲ್ಲ, ಒಳಿತು ಇರಬೇಕಾದ ಕಡೆ ಅದರ ಕೊರತೆ ಎಂದು ಅರಿತ ಮೇಲೆ ಅದನ್ನು ಬಿಟ್ಟರು. ಧರ್ಮಸಭೆಯ ಬೋಧನೆಯೂ ಇದೇ: ಸೈತಾನನು ಕೂಡ ಸೃಷ್ಟಿಗೊಂಡವನು, ಅವನ ಶಕ್ತಿಗೆ ಮಿತಿಯಿದೆ. ದೀಕ್ಷಾಸ್ನಾನದಲ್ಲಿ ಅವನನ್ನು ತ್ಯಜಿಸಿದ ನಾವು ಅವನ ಜಪ ಮಾಡುತ್ತ ಕೂರಬೇಕಿಲ್ಲ.

1973ರ ಇಂಗ್ಲಿಷ್ ಚಿತ್ರ ‘ದಿ ಎಕ್ಸಾರ್ಸಿಸ್ಟ್’ ಹೆಸರನ್ನು ಅನೇಕರು ಕೇಳಿದ್ದೀರಿ. ವಿಲಿಯಂ ಪೀಟರ್ ಬ್ಲ್ಯಾಟಿ 1971ರಲ್ಲಿ ಬರೆದ ಕಾದಂಬರಿಯನ್ನು ಆಧರಿಸಿದ ಚಿತ್ರವಿದು. ಅದರಲ್ಲಿ ತಲೆ ತಿರುಗಿಸುವ ಹುಡುಗಿಯನ್ನು ಎಲ್ಲರೂ ನೆನಪಿಡುತ್ತಾರೆ. ಆದರೆ ಆ ತಾಯಿ ಮಗಳನ್ನು ಮೊದಲು ವೈದ್ಯರ ಬಳಿ ಕರೆದೊಯ್ಯುತ್ತಾಳೆ, ಪರೀಕ್ಷೆಯ ಮೇಲೆ ಪರೀಕ್ಷೆ ನಡೆಯುತ್ತದೆ. ಅವಳಿಗೆ ನೆರವಾಗುವ ಯುವ ಗುರು ಸ್ವತಃ ಮನೋವೈದ್ಯ. ಕೊನೆಗೆ ಮಗುವಿಗಾಗಿ ತನ್ನ ಪ್ರಾಣವನ್ನೇ ಕೊಡುತ್ತಾನೆ. ಇದನ್ನು ನೆನಪಿಡುವವರು ಕಡಿಮೆ.

ನಮ್ಮ ಧರ್ಮಸಭೆಯ ನಿಯಮ ಚಿತ್ರಗಳಿಗಿಂತ ಬಹಳ ಎಚ್ಚರಿಕೆಯದು. ಪಿಶಾಚಿ ಬಿಡಿಸುವ ವಿಧಿಯನ್ನು ಮೇತ್ರಾಣಿಯವರ ವಿಶೇಷ ಅನುಮತಿ ಪಡೆದ ಗುರು ಮಾತ್ರ ನಡೆಸಬಹುದು. ಅದಕ್ಕೆ ಮೊದಲು, ಇದು ಕಾಯಿಲೆಯಲ್ಲ ಎಂಬುದು ಖಚಿತವಾಗಬೇಕು. ಕಾಯಿಲೆಯಾದರೆ ಅದರ ಆರೈಕೆ ವೈದ್ಯವಿಜ್ಞಾನಕ್ಕೆ ಸೇರಿದ್ದು ಎಂದು ಕಥೋಲಿಕ ಧರ್ಮೋಪದೇಶದ 1673ನೆಯ ಸಂಖ್ಯೆ ಸ್ಪಷ್ಟವಾಗಿ ಹೇಳುತ್ತದೆ. 1614ರಿಂದ ಬಳಕೆಯಲ್ಲಿದ್ದ ವಿಧಿಯನ್ನು ಪರಿಷ್ಕರಿಸಿ 1999ರಲ್ಲಿ ಹೊಸ ಪುಸ್ತಕ ಹೊರತಂದಾಗಲೂ ಈ ಎಚ್ಚರಿಕೆಯನ್ನು ಸಡಿಲಿಸಲಿಲ್ಲ. ಹೀಗಿರುವಾಗ ಕೈಯಲ್ಲಿ ಶಿಲುಬೆ ಹಿಡಿದವರೆಲ್ಲ ದೆವ್ವ ಬಿಡಿಸಲು ಹೊರಟರೆ, ಅದು ವಿಶ್ವಾಸವೆನಿಸದು.

ನಾಗವಲ್ಲಿಯ ಶಾಪವೇ?

ಕನ್ನಡಿಗರು ಅತಿ ಹೆಚ್ಚು ಸಲ ನೋಡಿದ ಇಂಥ ಚಿತ್ರಗಳಲ್ಲಿ 2004ರ ‘ಆಪ್ತಮಿತ್ರ’ ಒಂದು. ಫಾಜಿಲ್ ನಿರ್ದೇಶಿಸಿದ 1993ರ ಮಲಯಾಳಂ ಚಿತ್ರ ‘ಮಣಿಚಿತ್ರತಾಳ್’ ಇದರ ಮೂಲ. ಹಳೆಯ ಬಂಗಲೆಗೆ ಬಂದ ಗಂಗಾ ತಾನೇ ನಾಗವಲ್ಲಿ ಎಂಬ ನರ್ತಕಿಯೆಂದು ಭಾವಿಸತೊಡಗುತ್ತಾಳೆ. ಇದು ದೆವ್ವದ ಕಾಟವಲ್ಲ, ಮನಸ್ಸಿನ ಕಾಯಿಲೆ ಎಂದು ಕಂಡುಹಿಡಿಯುವವರು ವಿಷ್ಣುವರ್ಧನ್ ಅಭಿನಯಿಸಿದ ಮನೋವೈದ್ಯ ಡಾಕ್ಟರ್ ವಿಜಯ್. ಚಿತ್ರ ಹೇಳಿದ್ದು ಇಷ್ಟು ಸ್ಪಷ್ಟವಾಗಿದ್ದರೂ, ನೋಡಿ ಹೊರಬಂದವರ ಬಾಯಲ್ಲಿ ಉಳಿದದ್ದು ನಾಗವಲ್ಲಿಯ ಹೆಸರು. ರೋಗಿ ಮರೆತುಹೋದಳು, ದೆವ್ವ ಉಳಿದುಕೊಂಡಿತು.

ಗಂಗಾಳ ಪಾತ್ರ ಮಾಡಿದ ಸೌಂದರ್ಯ ಅವರು ಆ ಚಿತ್ರ ಬಿಡುಗಡೆಯಾಗುವ ಮೊದಲೇ, 2004ರ ಏಪ್ರಿಲ್ 17ರಂದು, ಬೆಂಗಳೂರಿನ ಜಕ್ಕೂರಿನ ಬಳಿ ಪುಟ್ಟ ವಿಮಾನ ಬಿದ್ದು ಸಹೋದರನೊಂದಿಗೆ ತೀರಿಕೊಂಡರು. ಮುಂದಿನ ಭಾಗ ‘ಆಪ್ತರಕ್ಷಕ’ 2010ರಲ್ಲಿ ತೆರೆಗೆ ಬರುವ ಮೊದಲೇ, 2009ರ ಡಿಸೆಂಬರ್ 30ರಂದು, ವಿಷ್ಣುವರ್ಧನ್ ಹೃದಯಾಘಾತದಿಂದ ನಿಧನರಾದರು. ಅಷ್ಟು ಸಾಕಾಯಿತು! ನಾಗವಲ್ಲಿಯ ಶಾಪ ತಟ್ಟಿತು ಎಂಬ ಮಾತು ಊರೂರು ಸುತ್ತಿತು. ನಮ್ಮ ಮನೆಗಳಲ್ಲೂ ಅದನ್ನು ಆಡಿಕೊಂಡೆವು.

ಯೆರೂಸಲೇಮಿನಲ್ಲಿ ಸಿಲೋವದ ಗೋಪುರ ಕುಸಿದು 18 ಮಂದಿ ಸತ್ತಾಗಲೂ ಜನ ಹೀಗೆಯೇ ಮಾತಾಡಿರಬೇಕು. ಸತ್ತವರು ಊರಿನ ಉಳಿದವರಿಗಿಂತ ಹೆಚ್ಚು ಪಾಪಿಗಳೆಂದು ತಿಳಿಯುತ್ತೀರಾ ಎಂದು ಪ್ರಭು ಕೇಳಿದರು, ಇಲ್ಲವೆಂದು ತಾವೇ ಉತ್ತರಿಸಿದರು. ಆಮೇಲೆ ಮಾತನ್ನು ಕೇಳುತ್ತಿದ್ದವರ ಕಡೆಗೇ ತಿರುಗಿಸಿ, ನೀವು ಮನಪರಿವರ್ತನೆ ಹೊಂದಿರಿ ಎಂದರು. ಅಪಘಾತಕ್ಕೆ ಶಾಪ ಕಾರಣವೆಂದರೆ ಸತ್ತವರ ಹೆಸರಿಗೆ ಮಸಿ ಬಳಿದಂತೆ, ಅಳುತ್ತಿರುವ ಮನೆಯವರ ಗಾಯಕ್ಕೆ ಉಪ್ಪು ಸವರಿದಂತೆ. ಹತ್ತು ವರ್ಷ ಮಕ್ಕಳಾಗದ ಮನೆ, ಬೆನ್ನು ಬೆನ್ನಿಗೆ ಎರಡು ಸಾವು ಕಂಡ ಮನೆ ಇವುಗಳ ಬಗ್ಗೆ ನಾವು ಬಾಗಿಲ ಹೊರಗೆ ನಿಂತು ಏನು ಮಾತಾಡುತ್ತೇವೆ? ಪಾಪನಿವೇದನೆಗೆ ಬರುವ ಮೊದಲು ಇದನ್ನು ಕೇಳಿಕೊಳ್ಳೋಣ.

ನಮ್ಮ ಊರಿನಲ್ಲಿ

ಇದು ತೆರೆಯ ಮೇಲಿನ ಮಾತಷ್ಟೇ ಆಗಿದ್ದರೆ ಇಷ್ಟು ಬರೆಯಬೇಕಿರಲಿಲ್ಲ. ಹರಿಹರ ತಾಲ್ಲೂಕಿನ ಉಕ್ಕಡಗಾತ್ರಿಯಲ್ಲಿ, ತುಂಗಭದ್ರೆಯ ದಡದ ಅಜ್ಜಯ್ಯನ ಗದ್ದುಗೆಗೆ, ದೆವ್ವದ ಕಾಟವೆಂದು ನೊಂದವರನ್ನು ದೂರ ದೂರದಿಂದ ಕರೆತರುತ್ತಾರೆ. ಅದು ನಮ್ಮ ನೆರೆಯವರ ಶ್ರದ್ಧೆಯ ಸ್ಥಳ, ಅದರ ಬಗ್ಗೆ ತೀರ್ಪು ಹೇಳುವುದು ನಮ್ಮ ಕೆಲಸವಲ್ಲ. ಹರಿಹರದ ಆರೋಗ್ಯಮಾತೆಯ ಪುಣ್ಯಕ್ಷೇತ್ರಕ್ಕೂ ಜಾತಿಮತ ಎನ್ನದೆ ನೊಂದವರು ಬರುತ್ತಾರೆ, ಮೇಣದಬತ್ತಿ ಹಚ್ಚಿ ಅಳುತ್ತಾರೆ. ನೋವು ಎಲ್ಲರದೂ ಒಂದೇ.

“ಫಾದರ್, ಹುಡುಗಿಗೆ ಗಾಳಿ ಆಗೈತಿ ಅಂತಾರ್ರಿ, ಸ್ವಲ್ಪ ಬಂದು ತೀರ್ಥ ಹಾಕ್ರಿ” ಎಂದು ನಮ್ಮ ಧರ್ಮಕೇಂದ್ರಗಳಲ್ಲಿ ಗುರುಗಳನ್ನು ಕರೆಯುವುದುಂಟು. ಹೋಗಿ ನೋಡಿದರೆ, ಪರೀಕ್ಷೆಯಲ್ಲಿ ನಪಾಸಾಗಿ ಮಾತು ಬಿಟ್ಟ ಹುಡುಗಿ. ಇಲ್ಲವೆ ಹೆರಿಗೆಯಾಗಿ ತಿಂಗಳಾಗದ ಬಾಣಂತಿ, ನಿದ್ದೆಯಿಲ್ಲ, ಮಗುವನ್ನು ಎತ್ತಿಕೊಳ್ಳುವುದಿಲ್ಲ. ಮೂರ್ಛೆರೋಗದ ಹುಡುಗನೂ ಇರಬಹುದು, ಕುಡಿತ ಬಿಟ್ಟ ಮೂರನೆಯ ದಿನ ಇಲ್ಲದ್ದನ್ನು ಕಂಡು ಕಿರುಚುವ ಗಂಡಸೂ ಇರಬಹುದು. ಇವರಿಗೆಲ್ಲ ಔಷಧವಿದೆ, ಆರೈಕೆಯಿದೆ. ಆದರೆ ‘ಗಾಳಿ’ ಎಂಬ ಒಂದೇ ಮಾತಿನಿಂದ ಎಷ್ಟೋ ತಿಂಗಳು ಕೈತಪ್ಪಿ ಹೋಗಿರುತ್ತವೆ. ದಾವಣಗೆರೆಯವರಿಗೆ ಇದಕ್ಕೆ ದೂರ ಹೋಗಬೇಕಿಲ್ಲ. ಚಿಗಟೇರಿ ಜಿಲ್ಲಾ ಆಸ್ಪತ್ರೆಯಿದೆ, ವೈದ್ಯಕೀಯ ಕಾಲೇಜುಗಳಿವೆ. 2022ರಿಂದ ಸರ್ಕಾರದ ‘ಟೆಲಿ ಮಾನಸ್’ ಸಹಾಯವಾಣಿಯಿದೆ, ಸಂಖ್ಯೆ 14416. ದೆವ್ವ ಬಿಡಿಸುವ ನೆಪದಲ್ಲಿ ಕಟ್ಟಿ ಹೊಡೆಯುವುದನ್ನು 2017ರ ಕರ್ನಾಟಕದ ವಾಮಾಚಾರ ತಡೆ ಕಾನೂನು ಅಪರಾಧವೆನ್ನುತ್ತದೆ. ಅದು 2020ರಿಂದ ಜಾರಿಯಲ್ಲಿದೆ.

ಮೂರನೆಯ ಪ್ರಶ್ನೆ

ಈಗ ಯಾರೂ ಕೇಳದ ಆ ಪ್ರಶ್ನೆ: ದೆವ್ವ ಹೋದ ಮೇಲೆ ಆ ಮನುಷ್ಯ ಏನಾದ? ಸಿನಿಮಾಕ್ಕೆ ಅದು ಬೇಡ. ದೆವ್ವ ಹೋದೊಡನೆ ‘ಶುಭಂ’ ಎಂದು ತೆರೆ ಬೀಳುತ್ತದೆ, ನಾವು ಎದ್ದು ಚಪ್ಪಲಿ ಹುಡುಕುತ್ತೇವೆ. ಶುಭಸಂದೇಶದ ಕಥೆ ಅಲ್ಲಿಗೆ ಮುಗಿಯುವುದಿಲ್ಲ.

ಗೆರಸೇನರ ನಾಡಿನ ಆ ಮನುಷ್ಯ ಸಮಾಧಿಗಳ ನಡುವೆ ಬದುಕುತ್ತಿದ್ದ. ಊರವರು ಅವನನ್ನು ಸಂಕೋಲೆಗಳಿಂದ ಕಟ್ಟಿ ನೋಡಿದ್ದರು. ಅವನು ಕಲ್ಲುಗಳಿಂದ ತನ್ನ ಮೈಯನ್ನೇ ಜಜ್ಜಿಕೊಳ್ಳುತ್ತಿದ್ದ. ಪ್ರಭು ಅವನೊಂದಿಗೆ ಮಾತಿಗೆ ನಿಂತರು, ಹೆಸರೇನೆಂದು ಕೇಳಿದರು. ಅವನು ಗುಣವಾದ. ಊರವರು ಬಂದು ನೋಡಿದಾಗ ಬಟ್ಟೆ ತೊಟ್ಟು, ಬುದ್ಧಿ ನೆಟ್ಟಗಾಗಿ, ಸುಮ್ಮನೆ ಕುಳಿತಿದ್ದ. ಆಗ ಅವರು ಹೆದರಿದರು ಎನ್ನುತ್ತಾನೆ ಮಾರ್ಕ! ಗಮನಿಸಿ ಪ್ರಿಯರೇ. ಅವನು ಅರಚುತ್ತಿದ್ದಾಗ ಊರಿಗೆ ಅದು ರೂಢಿಯಾಗಿತ್ತು. ಗುಣವಾಗಿ ಕುಳಿತವನನ್ನು ಕಂಡು ಭಯವಾಯಿತು. ಏಕೆಂದರೆ ಇನ್ನು ಅವನನ್ನು ಊರೊಳಗೆ ಸೇರಿಸಿಕೊಳ್ಳಬೇಕು, ಮಾತಾಡಿಸಬೇಕು, ಪಕ್ಕದಲ್ಲಿ ಕೂರಿಸಿಕೊಳ್ಳಬೇಕು.

ಅವನು ಯೇಸುವಿನೊಂದಿಗೆ ಬರುತ್ತೇನೆಂದು ಬೇಡಿಕೊಂಡ. ಪ್ರಭು ಒಪ್ಪಲಿಲ್ಲ. ಅವನನ್ನು ಮನೆಗೆ, ತನ್ನವರ ಬಳಿಗೆ ಕಳಿಸಿದರು. ಮನೆ ಸೇರುವವರೆಗೆ ಆ ಗುಣ ಪೂರ್ಣವಾಗುವುದಿಲ್ಲ.

ನಮ್ಮಲ್ಲಿ ಏನಾಗುತ್ತದೆ? ಆಸ್ಪತ್ರೆಯಿಂದ ಬಂದ ಹುಡುಗಿ ಗುಳಿಗೆ ನುಂಗುತ್ತ ಹುಷಾರಾಗಿರುತ್ತಾಳೆ. ಆದರೂ ‘ಗಾಳಿ ಆಗಿದ್ದ ಹುಡುಗಿ’ ಎಂಬ ಹೆಸರು ಅವಳನ್ನು ಬಿಡುವುದಿಲ್ಲ. ಸಂಬಂಧ ಕುದುರುವುದಿಲ್ಲ. ಬಲಿಪೂಜೆಗೆ ಬಂದರೆ ಪಕ್ಕದ ಬೆಂಚಿನವರು ತಿರುಗಿ ತಿರುಗಿ ನೋಡುತ್ತಾರೆ. ಅವಳ ತಾಯಿ ಅದಕ್ಕೇ ಅವಳನ್ನು ಮನೆಯಲ್ಲೇ ಬಿಟ್ಟು ಬರುತ್ತಾಳೆ. ಹಾಗಾದರೆ ಅವಳಿಗೆ ಈಗ ಸಂಕೋಲೆ ಹಾಕಿದವರು ಯಾರು?

ಮನೆಗಳಲ್ಲಿ ಮಾಡಬೇಕಾದದ್ದು

ನೋಡಬಹುದೇ ಎಂಬ ಪ್ರಶ್ನೆಗೆ ಉತ್ತರ: ದೊಡ್ಡವರು ವಿವೇಕದಿಂದ ನೋಡಲಿ. ಎಳೆಯ ಮಕ್ಕಳಿಗೆ ಬೇಡ. ಬೆಳೆದ ಮಕ್ಕಳು ನೋಡುವುದಾದರೆ ಹೊದಿಕೆಯೊಳಗೆ ಒಬ್ಬರೇ ಮೊಬೈಲಿನಲ್ಲಿ ನೋಡದಿರಲಿ, ನೀವೂ ಜೊತೆಗೆ ಕುಳಿತು ಆಮೇಲೆ ಮಾತಾಡಿ. ಆ ಕಥೆಯಲ್ಲಿ ನಿಜವಾಗಿ ನೋವುಂಡವರು ಯಾರು ಎಂದು ಕೇಳಿ. ಊಟ ಮಾಡದ ಮಗುವಿಗೆ ಗುಮ್ಮನ ಹೆಸರು ಹೇಳಬೇಡಿ. ಸತ್ತವರೊಡನೆ ಮಾತಾಡುವ ಆಟ, ಮಾಟ, ಮಂತ್ರದ ತಾಯಿತ ಇವುಗಳಿಂದ ದೂರವಿರಿ. ಸೌಲನು ಎಂದೋರಿನ ಮಂತ್ರಗಾತಿಯ ಬಳಿ ಹೋಗಿ ಇದ್ದ ಧೈರ್ಯವನ್ನೂ ಕಳೆದುಕೊಂಡು ಬಂದನು. ಶಿಲುಬೆ, ತೀರ್ಥ, ಜಪಸರ ಇವು ವಿಶ್ವಾಸದ ಗುರುತುಗಳು, ದೃಷ್ಟಿಬೊಂಬೆಯ ಜಾಗದಲ್ಲಿ ನೇತುಹಾಕುವ ವಸ್ತುಗಳಲ್ಲ.

ಮನೆಯಲ್ಲಿ ಯಾರಿಗಾದರೂ ಮನಸ್ಸು ಕೆಟ್ಟರೆ ವೈದ್ಯರ ಬಳಿ ಕರೆದೊಯ್ಯಿರಿ. ಗುರುಗಳನ್ನೂ ಕರೆಯಿರಿ, ಅವರು ಬಂದು ಪ್ರಾರ್ಥಿಸುತ್ತಾರೆ, ರೋಗಿಗಳ ಅಭ್ಯಂಗ ಸಂಸ್ಕಾರ ಕೊಡುತ್ತಾರೆ. ಔಷಧಕ್ಕೂ ಪ್ರಾರ್ಥನೆಗೂ ಜಗಳವಿಲ್ಲ.

ಈ ಭಾನುವಾರ ಬಲಿಪೂಜೆಗೆ ಬರುವಾಗ ನಿಮ್ಮ ಓಣಿಯಲ್ಲಿ ಹೀಗೆ ಮನೆಯೊಳಗೇ ಉಳಿದವರು ಇದ್ದಾರೆಯೇ ನೋಡಿ. ಅವರ ಬಾಗಿಲು ತಟ್ಟಿ ಹೆಸರು ಹಿಡಿದು ಕರೆಯಿರಿ, ಜೊತೆಗೆ ಕರೆತನ್ನಿ, ನಿಮ್ಮ ಬೆಂಚಿನಲ್ಲೇ ಕೂರಿಸಿಕೊಳ್ಳಿ. ರೋಗಿಗಳ ಆರೋಗ್ಯವಾದ ಮಾತೆ ಮರಿಯಮ್ಮನವರು ಅಂಥ ಎಲ್ಲ ಮನೆಗಳಿಗಾಗಿ ತಮ್ಮ ಪುತ್ರನಲ್ಲಿ ಪ್ರಾರ್ಥಿಸಲಿ. ಆಮೆನ್.