ಇಂದಿನ ಧಮ್ಮ ಚಿಂತನೆ: ಮುಚ್ಚಿಟ್ಟ ಸಾಲ





ನಮ್ಮ ಬಳಗದಲ್ಲಿ ಮಕ್ಕಳು ಸಣ್ಣವರಿರುವ ಮನೆಗಳೇ ಹೆಚ್ಚು. ಭಾನುವಾರ ವಂದನೆ ಮುಗಿದು ಟೀ ಕುಡಿಯುವಾಗ ಬರುವ ಮಾತೆಲ್ಲ ಒಂದೇ. ಸ್ಕೂಲ್ ಫೀಸು, ಮನೆ ಬಾಡಿಗೆ, ಸಂಘದ ಕಂತು, ಊರಲ್ಲಿರುವ ಅವ್ವನ ಮಾತ್ರೆ. ವಂದನೆಯಲ್ಲಿ ಈ ಮಾತು ಬರುವುದಿಲ್ಲ, ಟೀ ಹೊತ್ತಿಗೆ ಮಾತ್ರ ಬರುತ್ತದೆ. ದುಡ್ಡಿನ ವಿಚಾರ ಬೇರೆ, ಧಮ್ಮದ ವಿಚಾರ ಬೇರೆ ಎಂದು ನಾವೇ ಗೋಡೆ ಕಟ್ಟಿಕೊಂಡಿದ್ದೇವೆ. ಬುದ್ಧರು ಹಾಗೆ ಕಟ್ಟಿರಲಿಲ್ಲ. ಇವತ್ತು ಅದನ್ನು ನನ್ನ ಮನೆಯಲ್ಲಿ ನಡೆದ ಒಂದು ಸಂಗತಿಯ ಜೊತೆ ಹೇಳುತ್ತೇನೆ. ಬರೆಯಲು ನಾಚಿಕೆಯಾಗುತ್ತದೆ. ಆದರೂ ಬರೆಯುವುದೇ ಸರಿ ಅನ್ನಿಸಿತು.

ನನ್ನ ಸಂಬಳ 19,000. ಮನೆಯವಳು ಗಾರ್ಮೆಂಟ್ಸ್‌ಗೆ ಹೋಗುತ್ತಾಳೆ, ಅವಳದು 10,500. ಮಗಳು ಒಂದನೇ ಕ್ಲಾಸು, ಮಗ ಚಿಕ್ಕವನು. ಮಗನಿಗೆ ಒಂದು ವರ್ಷ ತುಂಬಿದಾಗ ಬರ್ತ್‌ಡೇ ಮಾಡಿದೆವು. ಬರ್ತ್‌ಡೇ ಅಂದರೆ ಒಂದು ಕೇಕ್ ಅಲ್ಲ. ಛತ್ರ ಹಿಡಿದು, ಬೀದಿಗೆ ಫ್ಲೆಕ್ಸ್ ಹಾಕಿಸಿ, ಮುನ್ನೂರು ಜನಕ್ಕೆ ಬಿರಿಯಾನಿ ಹಾಕಿಸಿ, ರಾತ್ರಿ ಡಿಜೆ ಕೂಡ.

ಯಾಕೆ ಅಷ್ಟು ಮಾಡಿದೆ ಎಂದು ಈಗ ಕೇಳಿಕೊಂಡರೆ ಉತ್ತರ ಸ್ಪಷ್ಟವಾಗಿದೆ. ನಾವು ಧಮ್ಮಕ್ಕೆ ಬಂದ ಮೇಲೆ ಮನೆಯಲ್ಲಿ ದೇವರ ಕಾರ್ಯ ನಿಂತಿತು, ಮರಿ ಕಡಿಯುವುದು ನಿಂತಿತು, ಪುರೋಹಿತರನ್ನು ಕರೆಸುವುದು ನಿಂತಿತು. ಊರಿನ ನೆಂಟರು, 'ಇವರು ಬೌದ್ಧರಾದರಂತೆ, ಇವರ ಮನೇಲಿ ಈಗ ಏನೂ ಇಲ್ಲ' ಎಂದು ಆಡಿಕೊಂಡಿದ್ದರು. ಆ ಮಾತು ನನ್ನನ್ನು ಚುಚ್ಚಿತ್ತು. ಏನೂ ಇಲ್ಲ ಅನ್ನುವವರ ಮುಂದೆ ಎಲ್ಲ ಇದೆ ಎಂದು ತೋರಿಸಲು ಹೊರಟೆ. ದೇವರಿಗೆ ಹೆದರುವುದನ್ನು ಬಿಟ್ಟವನು ಬೀದಿಯ ಕಣ್ಣಿಗೆ ಹೆದರಿದೆ.

ಅದಕ್ಕೆ 60,000 ಕೈಸಾಲ ಮಾಡಿದೆ. ತಿಂಗಳಿಗೆ ನೂರಕ್ಕೆ 3 ರೂಪಾಯಿ ಬಡ್ಡಿ. ಕೇಳಲು ಸಣ್ಣದು. ಲೆಕ್ಕ ಹಾಕಿದರೆ ತಿಂಗಳಿಗೆ 1,800, ವರ್ಷಕ್ಕೆ 21,600, ಅಸಲು ಒಂದು ರೂಪಾಯಿಯೂ ಕಡಿಮೆಯಾಗಿರುವುದಿಲ್ಲ. ಮನೆಯವಳಿಗೆ ಹೇಳಲಿಲ್ಲ. ಕಂಪನಿಯಲ್ಲಿ ಅಡ್ವಾನ್ಸ್ ಕೊಟ್ಟಿದ್ದಾರೆ ಎಂದೆ. ಆಮೇಲೆ ಪ್ರತಿ ತಿಂಗಳು ಓಟಿ ಕಡಿಮೆಯಾಗಿದೆ ಎಂದು ಒಂದೊಂದು ಸುಳ್ಳು. ಹದಿನಾಲ್ಕು ತಿಂಗಳಲ್ಲಿ 25,200 ರೂಪಾಯಿ ಬಡ್ಡಿ ಕಟ್ಟಿದ್ದೆ.

ಹದಿನೈದನೇ ತಿಂಗಳು ಬಡ್ಡಿ ತಡವಾಯಿತು. ಸಾಲ ಕೊಟ್ಟವರು ಮನೆ ಬಾಗಿಲಿಗೆ ಬಂದರು. ನಾನು ಡ್ಯೂಟಿಯಲ್ಲಿದ್ದೆ.

ಸಂಜೆ ಮನೆಗೆ ಬಂದಾಗ ಅವಳು ಜಗಳ ಆಡಲಿಲ್ಲ. ಮಕ್ಕಳಿಗೆ ಊಟ ಹಾಕಿ, ಮಲಗಿಸಿ, ಆಮೇಲೆ ಹೇಳಿದಳು. 'ಸಾಲ ಮಾಡಿದ್ದಕ್ಕೆ ನನಗೆ ಬೇಜಾರಿಲ್ಲ. ಓಟಿ ಕಮ್ಮಿ ಆಯ್ತು ಅಂದ್ರಲ್ಲ, ನಾನು ಅರ್ಧ ಲೀಟರ್ ಹಾಲು ನಿಲ್ಲಿಸ್ದೆ. ಒಂದು ವರ್ಷ ಮಗಳಿಗೆ ಹಾಲಿಗೆ ನೀರು ಹಾಕಿ ಕೊಟ್ಟೆ. ನೀವು ಪಕ್ಕದಲ್ಲೇ ಕೂತು ನೋಡ್ತಿದ್ರಿ.'

ಬಂಧುಗಳೇ, ಪ್ರತಿ ಭಾನುವಾರ ಪಂಚಶೀಲ ಹೇಳುತ್ತೇವೆ. ಐದನೆಯದು ನನಗೆ ಸುಲಭ, ನಾನು ಕುಡಿಯುವುದಿಲ್ಲ. ಇಸ್ಪೀಟ್ ಮುಟ್ಟಿದವನಲ್ಲ. ಹಾಗಾಗಿ ನಾನು ಶೀಲವಂತ ಎಂದೇ ನಂಬಿದ್ದೆ. ನಾಲ್ಕನೆಯದು, ಸುಳ್ಳು ಹೇಳುವುದಿಲ್ಲ ಎಂಬುದು, ನನ್ನ ಮನೆಯ ಲೆಕ್ಕಕ್ಕೂ ಅನ್ವಯಿಸುತ್ತದೆ ಎಂದು ಹೊಳೆದಿರಲಿಲ್ಲ.

ಆ ರಾತ್ರಿ ನನಗೆ ನಮ್ಮ ತಾತ ನೆನಪಾದರು. ತಾತ ಮದುವೆ ಖರ್ಚಿಗೆಂದು ಊರ ಗೌಡರ ಹತ್ತಿರ ಸಾಲ ಮಾಡಿ ಜೀತಕ್ಕಿದ್ದವರು. ಬಡ್ಡಿಗೆ ದುಡಿದರು, ಅಸಲು ಹಾಗೇ ಉಳಿಯಿತು. ಜೀತ ಪದ್ಧತಿ ರದ್ದು ಮಾಡುವ ಕಾಯ್ದೆ ಬಂದದ್ದು 1976ರಲ್ಲಿ. ಎಷ್ಟೋ ಮನೆಗಳಲ್ಲಿ ಜೀತಕ್ಕೆ ಕಾರಣ ಹೊಟ್ಟೆಯ ಹಸಿವಿನ ಜೊತೆಗೆ ಮದುವೆ, ತಿಥಿ, ಕಾಯಿಲೆ, ಇವುಗಳ ಸಾಲವೂ ಹೌದು. ತಾತನಿಗೆ ಲೆಕ್ಕ ಬರುತ್ತಿರಲಿಲ್ಲ, ಗೌಡರು ಬರೆದದ್ದೇ ಲೆಕ್ಕ. ನನಗೆ ಲೆಕ್ಕ ಬರುತ್ತದೆ. ಬಾಬಾಸಾಹೇಬರಿಂದ ಅಕ್ಷರ ಬಂತು, ಕೆಲಸ ಬಂತು. ಆದರೂ ತಾತ ಸಿಕ್ಕಿಕೊಂಡ ಕುಣಿಕೆಗೆ ನಾನೇ ಕತ್ತು ಕೊಟ್ಟೆ. ಮೂರು ಗಂಟೆಯ ಡಿಜೆಗಾಗಿ.

ಈಗ ಧಮ್ಮ ಏನು ಹೇಳುತ್ತದೆ ನೋಡೋಣ.

ಕೋಲಿಯರ ಊರಾದ ಕಕ್ಕರಪತ್ತಕ್ಕೆ ಬುದ್ಧರು ಬಂದಿದ್ದಾಗ ದೀಘಜಾಣು ಎಂಬ ಗೃಹಸ್ಥ ಬಂದು ಕೇಳುತ್ತಾನೆ. ನಾವು ಸಂಸಾರಸ್ಥರು, ಹೆಂಡತಿ ಮಕ್ಕಳ ಜೊತೆ ಇರುವವರು, ಹೂವು ಗಂಧ ಚಿನ್ನ ಬೆಳ್ಳಿ ಬಳಸುವವರು, ನಮಗೆ ತಕ್ಕ ಧಮ್ಮ ಹೇಳಿ ಎನ್ನುತ್ತಾನೆ. ಬುದ್ಧರು ಅವನಿಗೆ ಸಂಸಾರ ಬಿಡು ಎನ್ನಲಿಲ್ಲ. ಈ ಬದುಕಿನ ಹಿತಕ್ಕೆ ನಾಲ್ಕು ಸಂಗತಿ ಹೇಳಿದರು. ಉಟ್ಠಾನ ಸಂಪದಾ ಅಂದರೆ ಕಸುಬನ್ನು ಚೆನ್ನಾಗಿ ಕಲಿತು ದುಡಿಯುವುದು. ಆರಕ್ಖ ಸಂಪದಾ ಅಂದರೆ ನ್ಯಾಯವಾಗಿ ದುಡಿದದ್ದನ್ನು ಕಾಪಾಡುವುದು. ಕಲ್ಯಾಣಮಿತ್ತತಾ ಅಂದರೆ ಒಳ್ಳೆಯವರ ಸಂಗ. ಸಮಜೀವಿತಾ ಅಂದರೆ ಬರುವುದನ್ನೂ ಹೋಗುವುದನ್ನೂ ತಿಳಿದು ಸಮವಾಗಿ ಬದುಕುವುದು.

ಸಮಜೀವಿತಕ್ಕೆ ಬುದ್ಧರು ಕೊಡುವ ಉಪಮೆ ತಕ್ಕಡಿಯದು. ತಕ್ಕಡಿ ಹಿಡಿದವನಿಗೆ ಯಾವ ತಟ್ಟೆ ಎಷ್ಟು ಇಳಿದಿದೆ, ಎಷ್ಟು ಏರಿದೆ ಎಂದು ಗೊತ್ತಿರುತ್ತದೆ. ಕಡಿಮೆ ಆದಾಯ ಇಟ್ಟುಕೊಂಡು ದೊಡ್ಡದಾಗಿ ಖರ್ಚು ಮಾಡುವವನನ್ನು ಜನ ಅತ್ತಿಹಣ್ಣು ತಿನ್ನುವವನು ಎನ್ನುತ್ತಾರಂತೆ. ನಾಲ್ಕು ಹಣ್ಣಿಗಾಗಿ ಇಡೀ ಮರ ಅಲ್ಲಾಡಿಸಿ ಎಲ್ಲ ಉದುರಿಸುವವನು. ನನ್ನ ಛತ್ರದ ಬಿರಿಯಾನಿ ಅದೇ.

ಅದೇ ಸುತ್ತದಲ್ಲಿ ಇನ್ನೊಂದು ಬದಿಯೂ ಇದೆ. ಕೈತುಂಬ ಆದಾಯ ಇದ್ದೂ ಜಿಪುಣನಾಗಿ ಬದುಕುವವನು ದಿಕ್ಕಿಲ್ಲದವನ ಹಾಗೆ ಸಾಯುತ್ತಾನೆ ಎನ್ನುತ್ತಾರೆ. ಮಗುವಿಗೆ ಕನ್ನಡಕ ಬೇಕು ಎಂದು ಡಾಕ್ಟರು ಹೇಳಿದರೂ ಸೈಟಿನ ದುಡ್ಡು ಮುಟ್ಟಬಾರದು ಎಂದು ಆರು ತಿಂಗಳು ದೂಡುವುದು ಉಳಿತಾಯವಲ್ಲ. ತಟ್ಟೆ ಆ ಕಡೆ ವಾಲಿದರೂ ತಪ್ಪೇ.

ಆದಾಯ ಹಂಚುವುದು ಹೇಗೆ? ಸಿಗಾಲೋವಾದ ಸುತ್ತದಲ್ಲಿ ಇದಕ್ಕೆ ಅಳತೆಯಿದೆ. ಗಳಿಕೆಯನ್ನು ನಾಲ್ಕು ಪಾಲು ಮಾಡಿ, ಒಂದು ಪಾಲು ಅನುಭವಿಸಲು, ಎರಡು ಪಾಲು ಕಸುಬಿಗೆ, ನಾಲ್ಕನೆಯದು ಆಪತ್ತಿಗೆ. ಸಂಬಳದವರಾದ ನಮಗೆ ಅಂಗಡಿ ವ್ಯಾಪಾರವಿಲ್ಲ. ನಮ್ಮ ಕಸುಬಿನ ಪಾಲು ಅಂದರೆ ನಾಳೆಯೂ ಕೆಲಸಕ್ಕೆ ಹೋಗುವಂತೆ ಮಾಡುವ ಬಾಡಿಗೆ, ಊಟ, ಪೆಟ್ರೋಲು, ಮಕ್ಕಳ ಓದು ಎಂದು ನಾನು ತಿಳಿದಿದ್ದೇನೆ. ಅದೇ ಮುಕ್ಕಾಲು ನುಂಗುತ್ತದೆ, ನಿಜ. ಹಾಗೆಂದು ಆಪತ್ತಿನ ಪಾಲನ್ನು ಸೊನ್ನೆ ಮಾಡಬಾರದು. ಕಾಲು ಭಾಗ ಆಗದಿದ್ದರೆ 500 ಆಗಲಿ. ಆ ಪಾಲು ಇಲ್ಲದ ಮನೆಗೆ ಒಂದು ಡೆಂಗ್ಯೂ ಜ್ವರ ಬಂದರೆ ಸಾಕು, ಬಡ್ಡಿಯವರ ಬಾಗಿಲಿಗೆ ಹೋಗಬೇಕಾಗುತ್ತದೆ.

ಅದೇ ಸುತ್ತದಲ್ಲಿ ಗಂಡನಾದವನು ಹೆಂಡತಿಗೆ ಸಲ್ಲಿಸಬೇಕಾದ ಐದು ಕರ್ತವ್ಯಗಳಿವೆ. ಅವಳನ್ನು ಗೌರವಿಸುವುದು, ಮನೆಯ ಅಧಿಕಾರ ಅವಳಿಗೆ ಬಿಟ್ಟುಕೊಡುವುದು, ಒಡವೆ ಕೊಡುವುದು, ಇವೆಲ್ಲ ಅದರಲ್ಲಿವೆ. ಹೆಂಡತಿ ಮನೆಯ ಗಳಿಕೆ ಕಾಪಾಡಬೇಕು ಎಂದೂ ಇದೆ. ಲೆಕ್ಕವನ್ನೇ ತೋರಿಸದೆ ಕಾಪಾಡು ಎಂದರೆ ಅವಳು ಏನನ್ನು ಕಾಪಾಡಬೇಕು?

ಮಾತೆ ರಮಾಬಾಯಿಯವರನ್ನು ನೆನೆಯೋಣ. ಬಾಬಾಸಾಹೇಬರು 1920ರಿಂದ 1923ರವರೆಗೆ ಲಂಡನ್‌ನಲ್ಲಿ ಓದುತ್ತಿದ್ದಾಗ ಆ ತಾಯಿ ಮುಂಬೈಯಲ್ಲಿ ಕಡುಬಡತನದಲ್ಲಿ ಸಂಸಾರ ತೂಗಿಸಿದರು. 1940ರಲ್ಲಿ ಬಾಬಾಸಾಹೇಬರು 'ಥಾಟ್ಸ್ ಆನ್ ಪಾಕಿಸ್ತಾನ್' ಕೃತಿಯನ್ನು ಅವರ ನೆನಪಿಗೆ ಅರ್ಪಿಸಿದಾಗ, ಆ ಕಷ್ಟದ ದಿನಗಳು ತಮ್ಮಿಬ್ಬರ ಪಾಲಿಗೆ ಬಂದವು, ತನ್ನ ಜೊತೆ ಆಕೆಯೂ ಅನುಭವಿಸಲು ಸಿದ್ಧಳಿದ್ದಳು ಎಂದು ನೆನೆದರು. ಇಬ್ಬರ ಪಾಲಿಗೆ ಬಂದ ಬಡತನ ಅದು. ನಾನು ಮಾಡಿದ್ದು ಬೇರೆ. ನನ್ನ ಮನೆಯವಳು ನನ್ನ ಸಾಲದ ಕಷ್ಟ ಅನುಭವಿಸುತ್ತಿದ್ದಳು, ಏನನ್ನು ಅನುಭವಿಸುತ್ತಿದ್ದೇನೆ ಎಂದು ಅವಳಿಗೇ ಗೊತ್ತಿರಲಿಲ್ಲ.

ಮುಂದೆ ಏನಾಯಿತು ಎಂದು ಹೇಳಿಬಿಡುತ್ತೇನೆ.

ಮಗಳ ಹಳೇ ನೋಟ್‌ಬುಕ್ ತೆಗೆದುಕೊಂಡು ಇಬ್ಬರೂ ಕೂತೆವು. ಬಾಡಿಗೆ 6,000. ದಿನಸಿ ತರಕಾರಿ 7,000. ಹಾಲು 700. ಗ್ಯಾಸು, ಫೋನ್ ರೀಚಾರ್ಜು 1,600. ಪೆಟ್ರೋಲು 1,800. ಸ್ಕೂಲಿಗೆ 2,000. ಊರಲ್ಲಿ ಅವ್ವನಿಗೆ 2,000. ಆಸ್ಪತ್ರೆ, ಮಾತ್ರೆ 1,000. ಸಂಘದ ಕಂತು 2,200. ಒಟ್ಟು 24,300. ಬಡ್ಡಿ 1,800. ಬರುವುದು 29,500. ಉಳಿದ 3,400 ಎಲ್ಲಿ ಹೋಗುತ್ತಿತ್ತು? ಇಬ್ಬರಿಗೂ ಗೊತ್ತಿಲ್ಲ. ಫೋನ್‌ಪೇ ತೆಗೆದು ನೋಡಿದರೆ ಬಹುಪಾಲು ನನ್ನದೇ. ಟೀ, ಬೇಕರಿ, ಗೆಳೆಯರ ಬರ್ತ್‌ಡೇಗೆ ಪಾಲು, ಫ್ಲೆಕ್ಸ್‌ಗೆ ಪಾಲು. ಇಪ್ಪತ್ತು, ಮೂವತ್ತು, ಇನ್ನೂರು.

ಆಮೇಲೆ ಅವಳೇ ತನ್ನ ಕೊರಳ ಸರ ತೆಗೆದಿಟ್ಟಳು. ಬ್ಯಾಂಕಿನಲ್ಲಿ ಅಡವಿಟ್ಟೆವು. ಬಡ್ಡಿ ನೂರಕ್ಕೆ ತಿಂಗಳಿಗೆ 1 ರೂಪಾಯಿಗೂ ಕಡಿಮೆ. ಕೈಸಾಲ ಅವತ್ತೇ ತೀರಿತು. ತಿಂಗಳಿಗೆ 4,000ದಂತೆ ಬ್ಯಾಂಕಿಗೆ ಕಟ್ಟಿ, ನಡುವೆ ಒಮ್ಮೆ ನವೀಕರಿಸಿ, ಹದಿನೇಳನೇ ತಿಂಗಳು ಸರ ಬಿಡಿಸಿಕೊಂಡು ಬಂದೆವು. ಒಡವೆ ಕೊಡಬೇಕಾದ ನಾನು ಅವಳ ಕೊರಳಿಂದ ಒಡವೆ ತೆಗೆಸಿದೆ. ಅದು ಮರೆಯುವ ಮಾತಲ್ಲ. ಹಾಲು ಮಾತ್ರ ಮರುದಿನದಿಂದಲೇ ಒಂದು ಲೀಟರ್ ಆಯಿತು.

ಬುದ್ಧರು ಅನಾಥಪಿಂಡಿಕನಿಗೆ ಗೃಹಸ್ಥನ ನಾಲ್ಕು ಸುಖ ಹೇಳಿದ್ದಾರೆ. ನ್ಯಾಯವಾಗಿ ದುಡಿದದ್ದು ಇದೆ ಎಂಬ ಸುಖ, ಅದನ್ನು ಅನುಭವಿಸುವ ಸುಖ, ಸಾಲವಿಲ್ಲದ ಸುಖ, ತಪ್ಪಿಲ್ಲದೆ ಬದುಕುವ ಸುಖ. ಮೂರನೆಯದಕ್ಕೆ ಅನಣ ಸುಖ ಎನ್ನುತ್ತಾರೆ. ಸರ ಬಿಡಿಸಿದ ದಿನ ಆ ಪದದ ಅರ್ಥ ತಿಳಿಯಿತು. ಆದರೆ ನಿಜ ಹೇಳಬೇಕೆಂದರೆ, ನೆಮ್ಮದಿಯ ನಿದ್ದೆ ಬಂದದ್ದು ಹದಿನೇಳು ತಿಂಗಳ ಮುಂಚೆಯೇ, ನೋಟ್‌ಬುಕ್ ಮುಚ್ಚಿ ಮಲಗಿದ ಆ ರಾತ್ರಿ. ಸಾಲ ಇನ್ನೂ ಇತ್ತು, ಸುಳ್ಳು ಇರಲಿಲ್ಲ.

ಬಳಗದವರು ಕೇಳುವ ಕೆಲವು ಪ್ರಶ್ನೆಗಳಿಗೆ ನಮಗೆ ತಿಳಿದಷ್ಟು ಹೇಳುತ್ತೇನೆ.

ಗೃಹಲಕ್ಷ್ಮಿಯ 2,000 ರೂಪಾಯಿ ಯಾವ ಲೆಕ್ಕಕ್ಕೆ? ನಾವು ಅದನ್ನು ತಿಂಗಳ ಖರ್ಚಿಗೆ ಸೇರಿಸುವುದಿಲ್ಲ. ಬಂದ ತಿಂಗಳು ಆಪತ್ತಿನ ಪಾಲಿಗೆ ಹೋಗುತ್ತದೆ, ಅವಳ ಖಾತೆಯಲ್ಲೇ ಇರುತ್ತದೆ. ಗಂಡಂದಿರು ಅದನ್ನು ಕೇಳಿ ಇಸಿದುಕೊಳ್ಳಬಾರದು.

ವಿಮೆ ಬೇಕೇ? ಬ್ಯಾಂಕಿನಲ್ಲಿ ವರ್ಷಕ್ಕೆ 20 ರೂಪಾಯಿಗೆ ಅಪಘಾತ ವಿಮೆ, 436 ರೂಪಾಯಿಗೆ ಜೀವ ವಿಮೆ ಇದೆ, ಎರಡಕ್ಕೂ 2 ಲಕ್ಷ. ಒಂದು ಫ್ಲೆಕ್ಸ್‌ನ ದುಡ್ಡಿಗಿಂತ ಕಡಿಮೆ. ದುಡಿಯುವ ಇಬ್ಬರ ಹೆಸರಲ್ಲೂ ಮಾಡಿಸಿ.

ದಾನ? 1956ರ ಅಕ್ಟೋಬರ್ 15ರಂದು ನಾಗಪುರದಲ್ಲಿ ಬಾಬಾಸಾಹೇಬರು ಗಳಿಕೆಯ ಇಪ್ಪತ್ತರಲ್ಲಿ ಒಂದು ಪಾಲು ಧಮ್ಮದ ಕೆಲಸಕ್ಕೆ ಕೊಡಿ ಎಂದರು. ಅದು ನಮ್ಮ ಗುರಿಯಾಗಿರಲಿ. ಆದರೆ ಗಳಿಕೆಯ ಬಳಕೆ ಹೇಳುವಾಗ ಬುದ್ಧರು ತಂದೆ ತಾಯಿ, ಹೆಂಡತಿ ಮಕ್ಕಳ ಸುಖವನ್ನೇ ಮೊದಲು ಇಟ್ಟಿದ್ದಾರೆ. ಬಡ್ಡಿ ಸಾಲದಲ್ಲಿರುವವರು ಮೊದಲು ಅದನ್ನು ತೀರಿಸಲಿ, ಅಲ್ಲಿಯವರೆಗೆ ಕೈಲಾದ 50 ರೂಪಾಯಿ ಕೊಡಲಿ. ಬಳಗ ಯಾರ ರಶೀದಿಯನ್ನೂ ಓದಿ ಹೇಳುವುದಿಲ್ಲ.

ಮಗಳ ಹುಟ್ಟಿದ ದಿನ ಬಂದಾಗ ಏನು ಮಾಡಿದಿರಿ? ಮನೆಯಲ್ಲೇ ತ್ರಿಶರಣ ಪಂಚಶೀಲ ಹೇಳಿದೆವು. ಪಾಯಸ ಮಾಡಿದೆವು. ಇಪ್ಪತ್ತು ಜನ ಬಂದಿದ್ದರು. ಅವಳಿಗೆ ಬಾಬಾಸಾಹೇಬರ ಚಿತ್ರಪುಸ್ತಕ, ಅವಳು ಕೇಳಿದ ಗೋಬಿ ಮಂಚೂರಿ. ಖರ್ಚು 2,300. ನೆಂಟರು ಏನೋ ಅಂದಿರಬಹುದು. ಮಗಳು ಆ ಪುಸ್ತಕ ತಲೆದಿಂಬಿನ ಪಕ್ಕ ಇಟ್ಟುಕೊಂಡು ಮಲಗಿದಳು.

ಇಂದಿನ ಅಭ್ಯಾಸ: ಇವತ್ತು ರಾತ್ರಿ ಮಕ್ಕಳು ಮಲಗಿದ ಮೇಲೆ ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಗಂಡ ಹೆಂಡತಿ ಇಬ್ಬರೂ ಕೂತುಕೊಳ್ಳಿ. ಮೊದಲ ಪುಟದಲ್ಲಿ ಸಾಲಗಳನ್ನು ಬರೆಯಿರಿ, ಮುಚ್ಚಿಟ್ಟದ್ದು ಇದ್ದರೆ ಅದನ್ನೇ ಮೊದಲು. ಹೆಚ್ಚು ಬಡ್ಡಿಯದಕ್ಕೆ ಗೆರೆ ಎಳೆಯಿರಿ, ಅದು ಮೊದಲು ತೀರಬೇಕು. ಎರಡನೇ ಪುಟದಲ್ಲಿ ಬರುವುದು, ಹೋಗುವುದು. ಯಾರೂ ಯಾರನ್ನೂ ಬೈಯಬೇಡಿ. ಬರೆದು ಮುಗಿದ ಮೇಲೆ ಐದು ನಿಮಿಷ ಉಸಿರಿನ ಮೇಲೆ ಗಮನವಿಟ್ಟು ಸುಮ್ಮನೆ ಕೂತು ಮಲಗಿ.

ಎಲ್ಲರ ಮನೆಗೂ ಅನಣ ಸುಖ ಸಿಗಲಿ. ಎಲ್ಲರ ಮಕ್ಕಳಿಗೂ ಹಾಲು ಸಿಗಲಿ.

ಭವತು ಸಬ್ಬ ಮಂಗಲಂ. ಸಾಧು, ಸಾಧು, ಸಾಧು.
ಜೈ ಭೀಮ್.

(ಇಷ್ಟವಾದರೆ ನಿಮ್ಮ ಕೇರಿಯ ಗುಂಪಿಗೂ ಕಳಿಸಿ. ಭಾನುವಾರ ವಂದನೆಗೆ ಬರುವಾಗ ನೋಟ್‌ಬುಕ್ ತರಬೇಕಿಲ್ಲ, ಬರೆದೆವು ಎಂದು ಹೇಳಿದರೆ ಸಾಕು.)