ಪುಗಸಟ್ಟೆ ಕಾಫಿ

ಬೆಂಗಳೂರಲ್ಲಿ ಮೊಮ್ಮಗ ದೊಡ್ಡ ಕಾಫಿ ಅಂಗಡಿಗೆ ಕರಕೊಂಡು ಹೋದ. ಕಾಸು ಕೊಡಲಿಲ್ಲ, ಫೋನು ತೋರಿಸಿದ. "ಅಂಗಡಿ ಪಾಯಿಂಟು, ಕ್ರೆಡಿಟ್ ಕಾರ್ಡಿನ ಪಾಯಿಂಟು ಎರಡೂ ಸೇರಿ ಇವತ್ತಿನದು ಪುಗಸಟ್ಟೆ, ತಾತ" ಅಂದ. ಕುಡಿದೆ, ಚೆನ್ನಾಗೇ ಇತ್ತು.

ನಮ್ಮ ದಿಂಡಿಗಲ್ ಕಡೆ ತಾಂಡಿಕುಡಿ ಬೆಟ್ಟದಲ್ಲಿ ಕಾಫಿ ಹಣ್ಣು ಬಿಡಿಸೋರನ್ನ ನೋಡಿದೋನು ನಾನು. ಪುಗಸಟ್ಟೆ ಅಂದರೆ ನಂಬಿಕೆ ಬರಲ್ಲ. ಈ ಲೋಟದ ಕಾಸು ಯಾರದು ಅಂತ ಕೇಳಿದೆ. ಕಾರ್ಡು ಉಜ್ಜಿದಾಗೆಲ್ಲ ಅಂಗಡಿಯವರು ಬ್ಯಾಂಕಿಗೆ ಒಂದು ಪಾಲು ಕೊಡ್ತಾರಂತೆ. ಗಡುವಿಗೆ ಪೂರಾ ಬಾಕಿ ಕಟ್ಟದೋರು ತಿಂಗಳಿಗೆ ನೂರಕ್ಕೆ 3 ರೂಪಾಯಿಗೂ ಮೇಲೆ ಬಡ್ಡಿ ಕೊಡಬೇಕಂತೆ.

ಹುಡುಗ ಗಡುವು ತಪ್ಪಿಸೋನಲ್ಲ. ಹೇಗೂ ಕುಡಿಯೋ ಕಾಫಿಗೆ ಲಾಭ ತಗೊಂಡರೆ ತಪ್ಪೇನು? ಆದರೆ ಅದರಲ್ಲಿ ತಪ್ಪಿಸಿದೋರ ಬಡ್ಡಿಯೂ ಕಲೆತಿದೆಯಲ್ಲ! ದ್ರಾಕ್ಷಿ ಬೆಲೆ ಬಿದ್ದ ವರ್ಷ ಕಂಬಂನಲ್ಲಿ ನಾನೂ ಬಡ್ಡಿ ಕಟ್ಟಿದೋನೇ.

"ಅವರು ಕಟ್ಟದಿದ್ರೆ ನಾನೇನ್ ಮಾಡ್ಲಿ ತಾತ?" ಅಂದ. ಊರಿಗೆ ಬರೋವರೆಗೂ ಬಸ್ಸಲ್ಲಿ ಯೋಚಿಸಿದೆ. ಉತ್ತರ ಸಿಕ್ಕಿಲ್ಲ.